ಇಸ್ತ್ರಿಯಕ್ಕನ ಭಾಷಣ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಇಸ್ತ್ರಿ ಯಂತ್ರದ ಮುಂದೆ ಅರ್ಧ ಆಯುಸ್ಸು ಕಳೆದದ್ದಕ್ಕೆ ಅವಳಿಗೆ ಇಸ್ತ್ರಿಯಕ್ಕ ಎಂದೇ ಹೆಸರು ಬಿದ್ದಿತ್ತು. ಈಗ ಪತ್ರಿಕೆಯವರೂ ಅದೇ ಹೆಸರನ್ನು ಬರೆಯುತ್ತಿದ್ದರು. ಪ್ರತಿ ಬೀದಿಗೂ ಒಂದು ಶಿಶುವಿಹಾರ ಬೇಕು, ಅದರಲ್ಲಿ ಪ್ರತಿ ಮಗುವಿಗೂ ಜಾಗ ಸಿಗಬೇಕು ಎಂದು ವರ್ಷಗಳಿಂದ ಸರ್ಕಾರದ ಬೆನ್ನು ಹತ್ತಿದ್ದ ಒಕ್ಕೂಟಕ್ಕೆ ಅವಳೇ ಅಧ್ಯಕ್ಷೆ. ಕಾನೂನಿನ ಕರಡು, ಅರ್ಜಿ, ಅಧಿಕಾರಿಗಳ ಜೊತೆ ಹಗ್ಗಜಗ್ಗಾಟ ಇವೆಲ್ಲ ಒಕ್ಕೂಟದ ವಕೀಲಮ್ಮನ ಪಾಲು. ಜನರ ಮುಂದೆ ನಿಂತು ಮಾತಾಡುವುದು ಇಸ್ತ್ರಿಯಕ್ಕನ ಪಾಲು.

ಮಾತು ಎಂದರೂ ಅದು ಒಂದೇ ಮಾತು. ಕಾರ್ಖಾನೆ ಗೇಟಿನ ಮುಂದಾದರೂ ಸರಿ, ಕಾಲೇಜಿನ ಸಭಾಂಗಣವಾದರೂ ಸರಿ, ಅವಳು ಮೈಕ್ ಹಿಡಿದು ಅದನ್ನೇ ಹೇಳುತ್ತಿದ್ದಳು.

"ನಾನು ಬೆಳಗಿನ ಪಾಳಿಗೆ ಹೋಗಿದ್ದೆ. ನಮ್ಮ ಮನೆಯವರು ಲಾರಿ ತಗೊಂಡು ದೂರ ಹೋಗಿದ್ರು. ಚಿಕ್ಕೋಳಿಗೆ ಮೂರು ವರ್ಷ. ಅವಳನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತ ದೊಡ್ಡೋಳಿಗೆ ಸ್ಕೂಲ್ ಬಿಡಿಸಿ ಮನೇಲಿ ಕೂರಿಸಿದ್ದೆ. ದೊಡ್ಡೋಳಿಗೆ ಎಂಟು. ಬ್ರೆಡ್ ತರೋಕೆ ಅಂತ ದೊಡ್ಡೋಳು ಕೆಳಗಿನ ಅಂಗಡಿಗೆ ಇಳಿದಳು. ಅಕ್ಕ ಎಲ್ಲಿ ಹೋದಳು ಅಂತ ಚಿಕ್ಕೋಳು ಸ್ಟೂಲ್ ಹತ್ತಿ ಕಿಟಕಿಯಿಂದ ಬಗ್ಗಿ ನೋಡಿದಳು. ನಮ್ಮದು ಮೂರನೇ ಮಹಡಿ."

ಅಷ್ಟಕ್ಕೆ ನಿಲ್ಲಿಸುತ್ತಿದ್ದಳು. ಮುಂದಿನದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಮೊದಲು ಆ ಜಾಗಕ್ಕೆ ಬಂದಾಗ ಅವಳ ಗಂಟಲು ಕಟ್ಟುತ್ತಿತ್ತು. ಒಮ್ಮೆ ಮೈಕ್ ಕೈಯಿಂದ ಜಾರಿ ವೇದಿಕೆಯ ಮೇಲೆ ಬಿದ್ದಿತ್ತು. ಆಮೇಲೆ ಹೇಳುತ್ತ ಹೇಳುತ್ತ ಅದು ಬಾಯಿಪಾಠವಾಯಿತು. ಗಂಟಲು ಕಟ್ಟುತ್ತಿದ್ದ ಕಡೆ ಬರೀ ಉಸಿರು ತೆಗೆದುಕೊಳ್ಳುತ್ತಿದ್ದಳು. ಕೇಳುವವರು ಅದನ್ನೇ ದುಃಖ ಅಂದುಕೊಳ್ಳುತ್ತಿದ್ದರು. ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುವಾಗ ಅವಳು ಮೇಲಿನ ಫ್ಯಾನು ಯಾಕೆ ಹಾಗೆ ಕಿರುಗುಟ್ಟುತ್ತಿದೆ, ಯಾರಾದರೂ ಎಣ್ಣೆ ಬಿಡಬಾರದೇ ಎಂದು ಯೋಚಿಸುತ್ತಿದ್ದಳು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಾಗ ದವಡೆ ಹೇಗೆ ಪರರದ್ದಾಗುತ್ತದೋ ಹಾಗೆ, ಅವಳ ಎದೆಯ ಭಾಗವೇ ಪರರದ್ದಾಗಿಬಿಟ್ಟಿತ್ತು. ಅದು ಯಾವಾಗ ಆಯಿತು ಎಂದು ಅವಳಿಗೂ ಗೊತ್ತಾಗಲಿಲ್ಲ. ನೋವಿಲ್ಲದ ಮೇಲೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಸುಮ್ಮನಿದ್ದಳು.

ಕೊನೆಗೂ ಶಾಸಕರ ಸಮಿತಿ ಒಕ್ಕೂಟವನ್ನು ಕರೆಸಿತು. ಮಸೂದೆ ಮುಂದೆ ಹೋಗಬೇಕೋ ಮೂಲೆ ಸೇರಬೇಕೋ ಎಂಬುದು ಆ ಸಮಿತಿಯ ಕೈಯಲ್ಲಿತ್ತು. ವಕೀಲಮ್ಮ ಎರಡು ಮೆಟ್ಟಿಲು ಒಟ್ಟಿಗೆ ಹಾರಿಕೊಂಡು ಒಕ್ಕೂಟದ ಕೋಣೆಗೆ ಬಂದಳು.

"ಅಕ್ಕ, ಇಷ್ಟು ವರ್ಷ ಚಪ್ಪಲಿ ಸವೆಸಿದ್ದಕ್ಕೆ ಇವತ್ತು ಬಾಗಿಲು ತೆಗೆದ್ರು. ಟಿವೀಲೂ ನೇರವಾಗಿ ತೋರಿಸ್ತಾರಂತೆ. ಸಮಿತಿ ಅಧ್ಯಕ್ಷರಿಗೂ ಒಬ್ಬ ಮೊಮ್ಮಗಳಿದ್ದಾಳೆ. ನೀವು ಆ ಕಿಟಕಿ ಹತ್ರ ಬಂದಾಗ ಒಂದು ಚೂರು ಜಾಸ್ತಿ ನಿಂತ್ಕೊಳ್ಳಿ. ಸಾಕು."

ಹಾಗೆ ಹೇಳಿದ ಮೇಲೆ ವಕೀಲಮ್ಮನ ಮುಖವೇ ಸಣ್ಣದಾಯಿತು. "ಕೆಟ್ಟದಾಗಿ ಕೇಳಿಸ್ತಾ ಅಕ್ಕ?" ಎಂದಳು.

"ಇಲ್ಲಮ್ಮ. ನಿಂತ್ಕೊಳ್ತೀನಿ ಬಿಡು," ಎಂದಳು ಇಸ್ತ್ರಿಯಕ್ಕ. ಕಾಲರ್ ಮೊದಲು ಇಸ್ತ್ರಿ ಮಾಡು, ತೋಳು ಆಮೇಲೆ ಎಂದು ಯಾರೋ ಹೇಳಿದಷ್ಟೇ ಸಲೀಸಾಗಿ ಅವಳು ತಲೆಯಾಡಿಸಿದಳು.

ಆ ಸಂಜೆ ದೊಡ್ಡ ಮಗಳು ಕ್ಲಿನಿಕ್ಕಿನಿಂದ ಬೇಗ ಬಂದಳು. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ತಾಯಿಯ ಜೊತೆಯಲ್ಲೇ ಇದ್ದಳು. ಹೆಚ್ಚು ಮಾತಿನವಳಲ್ಲ. ಚೀಲ ಇಳಿಸಿ, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಇಸ್ತ್ರಿಯಕ್ಕ ಟೀ ಸೋಸುತ್ತಿದ್ದಳು.

"ಅಮ್ಮ, ಸಮಿತಿ ಮುಂದೆ ನೀನು ಮಾತಾಡೋದು ಟಿವೀಲಿ ಬರುತ್ತಂತೆ."

"ಹೂಂ. ವಕೀಲಮ್ಮ ಹೇಳಿದ್ಲು."

"ನನ್ನ ಬಗ್ಗೆ ಹೇಳ್ಬೇಡ."

ಇಸ್ತ್ರಿಯಕ್ಕ ತಿರುಗಿ ನೋಡಿದಳು. "ನಿನ್ನ ಹೆಸರು ನಾನೆಲ್ಲಿ ಹೇಳ್ತೀನಿ? ಒಂದು ದಿನಾನೂ ಹೇಳಿಲ್ಲ."

"ಹೆಸರು ಯಾಕಮ್ಮ ಬೇಕು? ನಿನಗಿರೋದು ಒಬ್ಬಳೇ ದೊಡ್ಡ ಮಗಳು."

ಟೀ ಲೋಟ ತೆಗೆದುಕೊಂಡು ಮಗಳು ನೆಲದ ಮೇಲೆ ಕುಳಿತಳು. ಕಳೆದ ವಾರ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬ ಹೆಂಗಸಿನ ಸುದ್ದಿ ಹೇಳಿದಳು. ಆಕೆ ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದವಳು ಇವಳನ್ನೇ ದಿಟ್ಟಿಸಿ ನೋಡಿದ್ದಳಂತೆ. ಬಾಯಿ ಮುಕ್ಕಳಿಸಿ ಎದ್ದವಳು ಇವಳ ಕೈ ಹಿಡಿದುಕೊಂಡು, ನೀನು ಇಸ್ತ್ರಿಯಕ್ಕನ ಮಗಳಲ್ವಾ, ಬ್ರೆಡ್ ತರೋಕೆ ಹೋದವಳು ನೀನೇ ಅಲ್ವಾ ಎಂದು ಕೇಳಿದ್ದಳಂತೆ. ಡಾಕ್ಟರೂ ಅಲ್ಲೇ ಇದ್ದರಂತೆ.

"ಆಮೇಲೆ ಆಯಮ್ಮ ಅಂದ್ರು, ನಿನ್ನ ತಪ್ಪಲ್ಲಮ್ಮ ಅಂತ. ಎಲ್ಲರೂ ಅದನ್ನೇ ಅಂತಾರೆ. ಸ್ಕೂಲಲ್ಲಿ ಟೀಚರ್ ಅಂದ್ರು, ಕೆಳಗಡೆ ಅಂಗಡಿಯವರು ಅಂದ್ರು. ನಿನ್ನ ಸಭೆಗೆ ಬಂದೋರೆಲ್ಲ ನನ್ನ ತಲೆ ಸವರಿ ಹೋಗ್ತಾರೆ. ತಪ್ಪಲ್ಲ ತಪ್ಪಲ್ಲ ಅಂತ ಹೇಳಿಸ್ಕೊಂಡು ಹೇಳಿಸ್ಕೊಂಡು ತಪ್ಪು ಅಂತಾನೇ ಅನ್ಸೋಕೆ ಶುರುವಾಗಿದೆ."

ಇಂಥ ಮಾತಿಗೆ ತಾಯಿಯಾದವಳ ಕರುಳು ಚುರುಕ್ ಎನ್ನಬೇಕು. ಇಸ್ತ್ರಿಯಕ್ಕ ಕಾದಳು. ಏನೂ ಆಗಲಿಲ್ಲ. ಮಗಳ ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು ಕಾಣಿಸಿತು. ಇಷ್ಟು ಬೇಗ ಬಂತಲ್ಲ ಎಂದುಕೊಂಡಳು, ಅಷ್ಟೆ.

"ಟೀ ಆರಿಹೋಗುತ್ತೆ, ಕುಡಿ," ಎಂದಳು.

ಮಗಳು ತಾಯಿಯ ಮುಖವನ್ನೇ ನೋಡಿದಳು. "ನಿನಗೆ ಏನೂ ಅನ್ಸಲ್ವಾ ಅಮ್ಮ?"

ಸುಳ್ಳು ಹೇಳಬಹುದಿತ್ತು. ಇಸ್ತ್ರಿಯಕ್ಕನಿಗೆ ಅದಕ್ಕೂ ಚೈತನ್ಯವಿರಲಿಲ್ಲ. "ಅನ್ಸಲ್ಲ ಕಣೆ. ತುಂಬ ದಿನದಿಂದ ಏನೂ ಅನ್ಸಲ್ಲ."

"ನನಗೆ ಅನ್ಸುತ್ತೆ," ಎಂದಳು ಮಗಳು. "ನೀನು ಹೇಳಿದಾಗೆಲ್ಲ ಅನ್ಸುತ್ತೆ."

ಕೋಪ ಮಾಡಿಕೊಂಡು ಹೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಮಗಳು ಲೋಟ ತೊಳೆದಿಟ್ಟು ಒಳಗೆ ಹೋಗಿ ಮಲಗಿಬಿಟ್ಟಳು.

ಮರುದಿನ ಇಸ್ತ್ರಿಯಕ್ಕ ವಕೀಲಮ್ಮನಿಗೆ ಒಂದೇ ಮಾತಿನಲ್ಲಿ ಹೇಳಿದಳು, "ಆ ಕಥೆ ಇನ್ಮೇಲೆ ಹೇಳಲ್ಲ." ಕಾರಣವನ್ನೂ ಮುಚ್ಚಿಡಲಿಲ್ಲ. ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹಣೆ ಒತ್ತಿಕೊಂಡಳು.

"ನನಗೆ ಅರ್ಥ ಆಗುತ್ತೆ ಅಕ್ಕ. ಆದರೆ ಅದು ಬಿಟ್ರೆ ನಮ್ಮ ಹತ್ರ ಏನಿದೆ? ಅಂಕಿಅಂಶ. ಅಂಕಿಅಂಶಕ್ಕೆ ಯಾರು ಕಣ್ಣೀರು ಹಾಕ್ತಾರೆ?"

"ಇಷ್ಟು ವರ್ಷ ಕಣ್ಣೀರು ಹಾಕಿದೋರು ಏನು ಮಾಡಿದ್ರು?"

ವಕೀಲಮ್ಮ ಕನ್ನಡಕ ಮತ್ತೆ ಹಾಕಿಕೊಂಡಳು. "ಇದೊಂದು ಸಲ ಹೇಳಿ. ಕೊನೇ ಸಲ," ಎಂದು ಮೆಲ್ಲಗೆ ಕೇಳಿದಳು. ಇಸ್ತ್ರಿಯಕ್ಕ ಬೇಡವೆಂದು ತಲೆಯಾಡಿಸಿದಳು. ಇಬ್ಬರೂ ಇಡೀ ಮಧ್ಯಾಹ್ನ ಬೇರೆ ಬೇರೆ ಕೆಲಸ ಮಾಡುತ್ತ, ಒಬ್ಬರಿಗೊಬ್ಬರು ಅಡ್ಡ ಬಾರದಂತೆ ಓಡಾಡಿಕೊಂಡಿದ್ದರು.

ಸಮಿತಿಯ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಪ್ರತಿಯೊಬ್ಬ ಸದಸ್ಯರ ಮುಂದೆಯೂ ಒಂದು ನೀರಿನ ಬಾಟಲಿ, ಒಂದು ಮೈಕು. ಇಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬರು ಕಣ್ಣು ಮುಚ್ಚಿ ಚಿಂತಿಸುತ್ತಿದ್ದರೋ ನಿದ್ದೆ ಹೋಗಿದ್ದರೋ ಹೇಳುವಂತಿರಲಿಲ್ಲ. ಅಧ್ಯಕ್ಷರು ಮಾತ್ರ ಮುಂದಕ್ಕೆ ಬಾಗಿ ಕುಳಿತಿದ್ದರು.

"ನಿಮ್ಮ ಮಗಳ ವಿಷಯ ಪೇಪರಲ್ಲಿ ಓದಿದೀನಮ್ಮ. ನಿಮ್ಮ ಬಾಯಿಂದಾನೇ ಕೇಳೋಣ ಅಂತ," ಎಂದರು.

"ಓದಿದೀರಲ್ಲ ಸರ್, ಅಷ್ಟು ಸಾಕು. ಇವತ್ತು ಬೇರೆ ಹೇಳೋಕೆ ಬಂದಿದೀನಿ."

ಪಕ್ಕದಲ್ಲಿ ವಕೀಲಮ್ಮ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದಳು. ಇಸ್ತ್ರಿಯಕ್ಕ ತನ್ನ ಆಸ್ಪತ್ರೆಯ ಬಗ್ಗೆ ಹೇಳಿದಳು. ರಾತ್ರಿ ಕಾವಲಿನವನ ಹೆಂಡತಿ ಬಾಣಂತನದಲ್ಲೇ ತೀರಿಕೊಂಡ ಮೇಲೆ ಅವನು ಕೂಸನ್ನು ಗೇಟಿನ ಗೂಡಿನಲ್ಲೇ ಮಲಗಿಸಿಕೊಳ್ಳುವುದು; ನೆಲ ಒರೆಸುವವಳು ಮಗುವನ್ನು ಬಟ್ಟೆ ತುಂಬುವ ಗಾಡಿಯಲ್ಲಿ ಕೂರಿಸಿ ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವುದು; ಮಕ್ಕಳ ಡಾಕ್ಟರಮ್ಮನೇ ತನ್ನ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟದ್ದು. ಒಂದೇ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು.

"ಬಡವರಿಗೆ ಮಾತ್ರ ಮಾಡಿದ್ರೆ ಸಾಲದೇನಮ್ಮ?" ಎಂದು ಮೊಬೈಲ್ ಬಿಟ್ಟು ಒಬ್ಬರು ಕೇಳಿದರು.

"ಸಾಲಲ್ಲ ಸರ್. ಡಾಕ್ಟರಮ್ಮನ ಮಗೂನೂ ನೆಲ ಒರೆಸೋಳ ಮಗೂನೂ ಒಂದೇ ಕೋಣೇಲಿ ಮಲಗಿದ್ರೆ, ಆ ಕೋಣೆ ಸೋರೋಕೆ ಯಾರೂ ಬಿಡಲ್ಲ."

"ಮನೇಲಿ ಅಜ್ಜಿ, ತಾತ ಅಂತ ಇರ್ತಾರಲ್ಲ? ಮೊದಲೆಲ್ಲ ಅವರೇ ನೋಡ್ಕೊಳ್ತಿರಲಿಲ್ವಾ?" ಎಂದು ಇನ್ನೊಬ್ಬರು ಕೇಳಿದರು.

"ನಮ್ಮ ಅತ್ತೆ ಇದ್ರು ಸರ್. ಅವರು ಬೇರೆಯವರ ಮನೆ ಮಗು ನೋಡ್ಕೊಳ್ಳೋ ಕೆಲಸಕ್ಕೆ ಹೋಗ್ತಿದ್ರು."

ಯಾರೋ ಕಿಸಕ್ಕೆಂದರು. ಕಣ್ಣು ಮುಚ್ಚಿದ್ದವರು ಕಣ್ಣು ಬಿಟ್ಟರು. ಇಸ್ತ್ರಿಯಕ್ಕ ನಗಿಸಲು ಹೇಳಿರಲಿಲ್ಲ. ಅಲ್ಲಿಗೆ ಅವಳ ಸಮಯ ಮುಗಿಯಿತು.

ಸಂಜೆಯ ಸುದ್ದಿಯಲ್ಲಿ ಅವಳ ಮುಖವೇ ಬರಲಿಲ್ಲ. ಎಲ್ಲೋ ಇಬ್ಬರು ಮಂತ್ರಿಗಳು ಕಿತ್ತಾಡಿಕೊಂಡಿದ್ದನ್ನೇ ತಿರುಗಿಸಿ ಮುರುಗಿಸಿ ತೋರಿಸಿದರು. ಅದಕ್ಕೆ ಮುಂಚೆ, ಸಮಿತಿಯಿಂದ ವಾಪಸ್ಸು ಬರುವಾಗ, ವಕೀಲಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದವಳು ಇಳಿಯುವಾಗ ಮಾತ್ರ, "ಅತ್ತೆ ವಿಷಯ ನನಗೆ ಯಾಕೆ ಮೊದಲೇ ಹೇಳಿರಲಿಲ್ಲ?" ಎಂದಳು.

"ನೀನು ಕೇಳಿರಲಿಲ್ಲ," ಎಂದಳು ಇಸ್ತ್ರಿಯಕ್ಕ.

ಮಸೂದೆ ಪಾಸಾಗಲು ಮತ್ತೊಂದು ಬೇಸಿಗೆ ಬರಬೇಕಾಯಿತು. ಅವಳ ಮಾತಿನಿಂದ ಪಾಸಾಯಿತೋ ಚುನಾವಣೆ ಹತ್ತಿರ ಬಂದದ್ದರಿಂದಲೋ ಹೇಳುವುದು ಕಷ್ಟ. ಎಲ್ಲ ಮಕ್ಕಳಿಗೂ ಎಂಬ ಪದ ಉಳಿಯಿತು. ರಾತ್ರಿ ಪಾಳಿಯವರಿಗೂ ಎಂಬ ಪದ ಉಳಿಯಲಿಲ್ಲ. ಕೆಲವರು ಇದು ಕಣ್ಣೊರೆಸುವ ತಂತ್ರ, ಒಪ್ಪಬಾರದು ಎಂದರು. ಇಸ್ತ್ರಿಯಕ್ಕ, "ಬಂದಷ್ಟು ತಗೊಳ್ಳೋಣ, ಉಳಿದದ್ದಕ್ಕೆ ನಾಳೆಯಿಂದ ಧರಣಿ ಕೂರೋಣ," ಎಂದಳು. ಒಕ್ಕೂಟದ ಕೋಣೆಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ವಕೀಲಮ್ಮನೂ ಅತ್ತಳು. ಇಸ್ತ್ರಿಯಕ್ಕ ಹೂಗುಚ್ಛ ಹಿಡಿದು ನಿಂತು, ಫೋಟೋ ತೆಗೆಸಿಕೊಂಡು, ಕಾವಲಿನವನ ಕೂಸಿಗೆ ಇದರಿಂದ ಏನೂ ಆಗಲಿಲ್ಲವಲ್ಲ ಎಂದುಕೊಂಡು ಮನೆಗೆ ಬಂದಳು.

ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಾಯಿಯೂ ಪಕ್ಕದಲ್ಲಿ ಕುಳಿತು ಕೈ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ಮಗಳು ಕೇಳಿದಳು, "ಚಿಕ್ಕೋಳು ಹೇಗಿದ್ದಳು ಅಮ್ಮ? ನನಗೆ ಅವಳು ಬಿದ್ದಿದ್ದು ಬಿಟ್ರೆ ಬೇರೆ ಏನೂ ನೆನಪಿಲ್ಲ."

ಇಸ್ತ್ರಿಯಕ್ಕ ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ಬೆಳಗಿನ ಪಾಳಿ, ಸ್ಟೂಲು, ಮೂರನೇ ಮಹಡಿ. ಅದನ್ನು ಹಾಗೆಯೇ ನುಂಗಿಕೊಂಡಳು. ಅದರ ಹಿಂದೆ ಹುಡುಕಿದಳು. ಏನೂ ಕೈಗೆ ಸಿಗಲಿಲ್ಲ. ಹೇಳಿ ಹೇಳಿ ಆ ಒಂದು ಬೆಳಗು ಉಳಿದ ಮೂರು ವರ್ಷಗಳನ್ನು ತಿಂದುಹಾಕಿತ್ತು. ಮಗಳು ಅವಸರ ಮಾಡಲಿಲ್ಲ.

"ಕಾಲುಚೀಲ ಕೈಗೆ ಹಾಕ್ಕೊಳ್ತಿದ್ದಳು," ಎಂದಳು ಕೊನೆಗೆ. "ಎರಡೂ ಕೈಗೆ. ನಿಮ್ಮಪ್ಪಂದು. ಹಾಕ್ಕೊಂಡು ನಾಲ್ಕು ಕಾಲಲ್ಲಿ ಮನೆಯೆಲ್ಲ ಓಡಾಡ್ತಿದ್ದಳು."

"ನಾಯಿ ಥರಾನಾ?"

"ಲಾರಿ ಥರ. ಹಾರ್ನ್ ಬೇರೆ. ಬಾಗಿಲ ಹತ್ರ ಬಂದ್ರೆ ರಿವರ್ಸ್ ತಗೊಳ್ತಿದ್ದಳು."

ಮಗಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡು, "ನನ್ನ ಕಾಲ ಮೇಲೆ ಹತ್ತಿಸ್ತಿದ್ದಳು ಅಲ್ವಾ? ಬೈದ್ರೆ ಬ್ರೇಕ್ ಹಿಡೀಲಿಲ್ಲ ಅಂತಿದ್ದಳು," ಎಂದಳು.

"ಹೌದಾ? ಅದು ನನಗೆ ಗೊತ್ತಿರಲಿಲ್ಲ."

"ನೀನು ಕೆಲಸಕ್ಕೆ ಹೋಗಿರ್ತಿದ್ದೆ."

ಅದರಲ್ಲಿ ದೂರು ಇರಲಿಲ್ಲ. ಇಸ್ತ್ರಿಯಕ್ಕನಿಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಕಾಯಲೂ ಇಲ್ಲ. ಕೈಯಲ್ಲಿದ್ದ ಟವೆಲನ್ನು ಮಡಚಿ ಬದಿಗಿಟ್ಟು, "ಇನ್ನೇನು ಮಾಡ್ತಿದ್ದಳು ಹೇಳು," ಎಂದು ಮಗಳ ಕಡೆಗೆ ಸರಿದು ಕುಳಿತಳು.