ಕುಂಕುಮ ಇಟ್ಟ ವೇಗ

ಥಾಣೆಯಿಂದ ನೆರೂಳದ ತನಕ ಸಮುದ್ರ ಒಳನುಗ್ಗಿದ ಇಡೀ ಖಾಡಿಯಲ್ಲಿ ಕೇಳಿ ನೋಡಿ, ಸಮಿತನಂಥ ಕಿತಾಪತಿ ಇನ್ನೊಬ್ಬ ಹುಟ್ಟಿಲ್ಲ. ಒಂದೇ ಬೆರಳಿನಲ್ಲಿ ನಡುನೀರಿನ ಬೋಟು ನಿಲ್ಲಿಸಿದವನು ಅವನು. ನಿಮ್ಮಿಂದ ಆಗುತ್ತದೆಯೇ? ಆಗುವುದಿಲ್ಲ. ಸುಮ್ಮನೆ ಕೂತು ಕೇಳಿ.

ನೆರೂಳದ ಜೆಟ್ಟಿಯಿಂದ ಫ್ಲೆಮಿಂಗೊ ಹಕ್ಕಿ ತೋರಿಸುವ ಬೋಟು ಓಡಿಸುತ್ತಿದ್ದವರು ಸಮಿತನ ಸೋದರಮಾವ ಯಜ್ಞೇಶ್ವರ. ಹಗ್ಗ ಎಸೆಯುವುದು, ಜನರನ್ನು ಕೈಹಿಡಿದು ಹತ್ತಿಸುವುದು ಸಮಿತನ ಕೆಲಸ. ಮಾವನ ಕಣ್ಣಿಗೆ ಪೊರೆ ಬಂದಿತ್ತು. ಮೀಟರಿನ ಮುಳ್ಳು ಕಾಣುತ್ತಿರಲಿಲ್ಲ. ಮಾಲಕ ಜಯಶೀಲ ಖಡಕ್ಕಾಗಿ ಹೇಳಿದ್ದ: “ಯಜ್ಞಣ್ಣ, ಸೀಸನ್ನಿಗೆ ಮುಂಚೆ ಟೆಸ್ಟ್. ಹತ್ತು ಲೀಟರ್ ಪೆಟ್ರೋಲಲ್ಲಿ ವಾಶಿ ಸೇತುವೆ ಮುಟ್ಟಿ ವಾಪಸ್ ಬರ್ಬೇಕು. ಬಂದ್ರೆ ಸ್ಟೇರಿಂಗ್ ನಿಮ್ದೇ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೇನೆ.”

ಮಾವ ಹದಿನೈದು ದಿನ ಬೋಟಿನ ಬೆನ್ನು ಬಿಡಲಿಲ್ಲ. ಬಲೆ ಕಟ್ಟುವ ಎರಡು ಕಂಬಗಳ ನಡುವೆ ನಿಧಾನಕ್ಕೊಮ್ಮೆ, ಜೋರಾಗಿ ಒಮ್ಮೆ, ಭರತದಲ್ಲೂ ಇಳಿತದಲ್ಲೂ ಓಡಿಸಿದರು. ಗೆರೆ ಹಾಕಿದ ಕ್ಯಾನಿನಲ್ಲಿ ಎಷ್ಟು ಇಳಿಯಿತೆಂದು ಸಮಿತನಿಂದ ಓದಿಸಿದರು.

“ಬೋಟು ಮೂತಿ ಎತ್ತಿತಾ, ಪೆಟ್ರೋಲ್ ಕುಡೀತದೆ. ಎತ್ತುವ ಸ್ವಲ್ಪ ಮುಂಚೆ ಒಂದು ಜಾಗ ಉಂಟು ಅಳಿಯ. ಅಲ್ಲಿ ಇಂಜಿನ್ ಗೊಣಗುವುದಿಲ್ಲ.”

“ಹೀರೋ ಯಾವತ್ತೂ ನಿಧಾನ ಬರಲ್ಲ ಮಾವ. ಬಂದ್ರೆ ನೀರೇ ಎದ್ದು ನಿಂತು ದಾರಿ ಬಿಡ್ಬೇಕು!”

“ಬಾಯಿ ಮುಚ್ಚಿ ಕ್ಯಾನ್ ನೋಡು ಮಾರಾಯ.”

ಆ ಜಾಗ ಸಿಕ್ಕಿದ ದಿನ, ಎಕ್ಸಿಲರೇಟರಿನ ಹಿಡಿ ನಿಲ್ಲಬೇಕಾದಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟರು. ಕೆಂಪು ಅವರ ಕಣ್ಣಿಗೆ ಇನ್ನೂ ಕಾಣುತ್ತಿತ್ತು.

ಟೆಸ್ಟಿನ ಹಿಂದಿನ ದಿನ ಆಯುಧಪೂಜೆ. ಬೋಟು ತೊಳೆದವನು ಸಮಿತ. ಹಳೆಯ ಬೊಟ್ಟು ಒರೆಸಿ, ಒಂದು ಬೆರಳು ಮೇಲೆ, ವೇಗ ಹೆಚ್ಚುವ ಕಡೆಗೆ, ಹೊಸದಿಟ್ಟ. ಮಾವ ಬಂದು ಅದಕ್ಕೇ ಆರತಿ ಎತ್ತಿ ಕಣ್ಣಿಗೊತ್ತಿಕೊಂಡರು. ಸಮಿತ ತುಟಿ ಕಚ್ಚಿ ನಗು ತಡೆದ.

ಮರುದಿನ ಹಿಡಿ ಬೊಟ್ಟಿಗೆ ಬಂದದ್ದೇ ತಡ, ಬೋಟಿನ ಹಿಂಭಾಗ ನೀರಿಗೆ ಕೂತು ಮೂತಿ ಎದ್ದಿತು.

“ಎಂತದೋ ಸರಿ ಇಲ್ಲ. ಇಂಜಿನ್ ಗೊಣಗ್ತಾ ಉಂಟು. ಮೂತಿ ಎದ್ದಿದ್ಯಾ ನೋಡು.”

“ಇಲ್ಲ ಮಾವ, ಗಾಳಿ ಅಷ್ಟೆ. ಪೂಜೆ ಮಾಡಿದ ಬೊಟ್ಟು ಸುಳ್ಳು ಹೇಳ್ತದಾ?”

ಮಾವನ ಕೈ ಹಿಡಿಯನ್ನು ಕೆಳಗೆಳೆಯಲು ಹೋಯಿತು. ಆದರೆ ಅದು ಆರತಿ ಕಂಡ ಬೊಟ್ಟು. ಕೈ ಅಲ್ಲೇ ನಿಂತಿತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಇಂಜಿನ್ ಕೆಮ್ಮಿ ಸತ್ತಿತು. ಇಳಿತ ಬೋಟನ್ನು ಕೆಸರಿನಲ್ಲಿ ಕೂರಿಸಿತು. ಮೀನಿನ ದೋಣಿಯೊಂದು ಎಳೆದು ತಂದಾಗ ಜೆಟ್ಟಿಯ ತುಂಬ ಜನ.

“ಕ್ಲೈಮ್ಯಾಕ್ಸಿಗೆ ಪೆಟ್ರೋಲೇ ಖಾಲಿ!” ಸಮಿತ ಕೂಗಿದ. ಎಲ್ಲರೂ ನಕ್ಕರು. ಯಾರನ್ನು ನೋಡಿ ನಗುತ್ತಿದ್ದಾರೆಂದು ಕಾಣದ ಮಾವನೂ ಸ್ವಲ್ಪ ತಡವಾಗಿ ನಕ್ಕರು.

ಜಯಶೀಲ ಬೋಟಿನ ಬೀಗದಕೈ ಕಿತ್ತು ಸಮಿತನ ಕೈಗಿಟ್ಟ.

“ತಪ್ಪು ಬೋಟಿಂದಲ್ಲ, ನಂದೇ,” ಎಂದರು ಮಾವ. “ಹದಿನೈದು ದಿನ ಎಂತ ಅಳೆದೆನೋ! ನೀನು ಆ ಬೊಟ್ಟು ನಂಬಬೇಡ ಅಳಿಯ. ನಿನ್ನ ಜಾಗ ನೀನೇ ಹುಡುಕಿಕೋ.”

ಮೊದಲಿಗೆ ನಾನು ಕಿತಾಪತಿ ಎಂದು ಕೊಚ್ಚಿಕೊಂಡೆನಲ್ಲ, ಅದು ಸುಳ್ಳು. ಟೆಸ್ಟ್ ಎಂದ ದಿನವೇ ಜಯಶೀಲ ಮಾವನ ಬೆನ್ನ ಹಿಂದೆ, “ಮುದುಕ ಸೋತ್ರೆ ನೀನು ಓಡಿಸ್ತೀಯಾ?” ಎಂದು ಕೇಳಿದ್ದ. ಸಮಿತ ಹೂಂ ಅಂದಿದ್ದ. ಅವನು ಹೊಸ ವೇಗವನ್ನೇನೂ ಹುಡುಕಲಿಲ್ಲ. ಈಗ ದಿನವೂ ಜನ ತುಂಬಿಕೊಂಡು ಹೊರಟಾಗ ಹಿಡಿಯನ್ನು ಬೊಟ್ಟಿಗಿಂತ ಒಂದು ಬೆರಳು ಕೆಳಗೆ, ಮಾವನ ಜಾಗದಲ್ಲೇ ನಿಲ್ಲಿಸುತ್ತಾನೆ. ಇಂಜಿನ್ ಗೊಣಗುವುದಿಲ್ಲ.