ಹದಿನೆಂಟು ಸೆಕೆಂಡು ತಡವಾದ ಮಾತು

ರೊಸೌರಾ ಚುಲ್ಡೆ ಹದಿನಾಲ್ಕು ವರ್ಷಗಳಿಂದ ಗುಡ್ಡನಾಡಿನ ಊರಾದ ಸಾನ್ ಗಾಬ್ರಿಯೆಲ್‌ನ ಚೀಸ್ ಕಾರ್ಖಾನೆಯಲ್ಲಿ ಹಾಲಿನ ಹುಳಿ ಪರೀಕ್ಷಿಸುತ್ತಿದ್ದಳು. ಬೆಳಗಿನ ಕ್ಯಾನುಗಳು ಇಳಿಯುತ್ತಿದ್ದಂತೆ ಬ್ಯೂರೆಟ್ಟೆಂಬ ಗಾಜಿನ ಅಳತೆ ಕೊಳವೆಯ ನಲ್ಲಿ ತಿರುಗಿಸಿ, ಹಾಲಿಗೆ ಸೋಡಾ ದ್ರಾವಣ ಹನಿಹನಿಯಾಗಿ ಬಿಟ್ಟು, ತೆಳು ಗುಲಾಬಿ ಬಣ್ಣ ನಿಂತ ತಕ್ಷಣ ಕೈ ತಡೆಯುವುದು ಅವಳಿಗೆ ತಲೆ ಬಾಚಿಕೊಂಡಷ್ಟೇ ಸಲೀಸು. ಆದರೆ ಪ್ರಯೋಗಾಲಯದ ಮುಖ್ಯಸ್ಥೆಯಾಗಲು ಪದವಿ ಇರಲೇಬೇಕು ಎಂದರು ಕಾರ್ಖಾನೆಯವರು. ನಲವತ್ತೆರಡನೆಯ ವಯಸ್ಸಿನಲ್ಲಿ ಅವಳು ದೂರಶಿಕ್ಷಣಕ್ಕೆ ಸೇರಿದಳು.

ಅಲ್ಲಿ ಪ್ರಯೋಗಾಲಯವೂ ಕಂಪ್ಯೂಟರಿನೊಳಗೇ. ಪರದೆಯ ಮೇಲೆ ಬಿಳಿ ಕೋಟಿನ ಎರಡು ಗೊಂಬೆಗಳು. ಒಂದು ನಲ್ಲಿ ತಿರುಗಿಸಬಹುದು, ಅದಕ್ಕೆ ಬಣ್ಣ ಕಾಣುವುದಿಲ್ಲ. ಇನ್ನೊಂದಕ್ಕೆ ಬಣ್ಣ ಕಾಣುತ್ತದೆ, ನಲ್ಲಿ ಮುಟ್ಟುವಂತಿಲ್ಲ. ಇಬ್ಬರು ವಿದ್ಯಾರ್ಥಿಗಳು ಮಾತಾಡಿಕೊಂಡೇ ಪ್ರಯೋಗ ಮುಗಿಸಬೇಕು. ಹತ್ತು ಅಂಕಗಳಲ್ಲಿ ನಾಲ್ಕು ‘ಪರಸ್ಪರ ಸಂವಹನ’ಕ್ಕೇ ಮೀಸಲು. ಪಾಸಾಗಲು ಏಳು ಬೇಕು.

ರೊಸೌರಾಳ ಪಾಲಿಗೆ ಬಂದದ್ದು ಬಣ್ಣ ನೋಡುವ ಗೊಂಬೆ. ನಲ್ಲಿ ಸಿಕ್ಕಿದ್ದು ಯಾಂದ್ರಿ ಕಿನ್ಯೋನೆಸ್ ಎಂಬುವನಿಗೆ. ಇಪ್ಪತ್ತಮೂರರ ಅವನು ಎಸ್ಮೆರಾಲ್ದಾಸ್ ಕರಾವಳಿಯಲ್ಲಿ ಸೀಗಡಿ ಸಾಕುವ ಕೊಳಗಳಲ್ಲಿ ಕೆಲಸಕ್ಕಿದ್ದ. ಸಿಗ್ನಲ್ ಬರುತ್ತಿದ್ದುದು ಕೊಳದ ಏರಿಯ ಮೇಲೆ ಮಾತ್ರ. ಶನಿವಾರ ಮಧ್ಯಾಹ್ನ ಮೂರಕ್ಕೆ ಅವನು ಅಲ್ಲೇ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ.

ಪ್ರಯೋಗ ಶುರುವಾಯಿತು. ಪಾತ್ರೆಯಲ್ಲಿ ಗುಲಾಬಿ ಛಾಯೆ ಮೂಡಿತು.

“ಸಾಕು, ನಿಲ್ಸಿ!” ಎಂದಳು ರೊಸೌರಾ.

ನಲ್ಲಿ ಹರಿಯುತ್ತಲೇ ಇತ್ತು.

“ನಿಲ್ಸೀ ಅಂದೆ! ಕಿವಿ ಕೇಳ್ಸಲ್ವಾ?”

ಬಣ್ಣ ಬೀಟ್‌ರೂಟಿನಂತೆ ಗಾಢವಾದ ಮೇಲೆ ನಲ್ಲಿ ನಿಂತಿತು. ಇನ್ನೂ ತುಸು ಹೊತ್ತಿನ ಮೇಲೆ ಅವನ ದನಿ ಬಂತು. “ನಿಲ್ಸಿದೆ ಸೆನ್ಯೋರಾ. ಸರಿಹೋಯ್ತಾ?”

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಅವಳ ಬಾಯಿಂದ ಬಹುವಚನ ಹಾರಿಹೋಯಿತು.

“ಏನಪ್ಪಾ, ಜೋಲಿಯಲ್ಲಿ ಬಿದ್ಕೊಂಡು ಮಾಡ್ತಿದ್ದೀಯಾ? ನೀವು ಕರಾವಳಿಯೋರೆಲ್ಲಾ ಹಿಂಗೇನಾ?”

ಉತ್ತರ ನಿಧಾನವಾಗಿ ಬಂತು. “ಗುಡ್ಡದೋರಿಗೆ ಚಳಿ ಜೊತೆ ಗತ್ತೂ ಜಾಸ್ತಿ ಅಂತ ನಮ್ಮಮ್ಮ ಹೇಳ್ತಿದ್ಲು, ನಾನು ನಂಬಿರ್ಲಿಲ್ಲ. ನೀವಂದ ತಕ್ಷಣ ನಿಲ್ಸಿದ್ದೀನಿ ನಾನು!”

ಅವನ ದನಿಯಲ್ಲಿದ್ದ ನೋವು ಸುಳ್ಳಿನದ್ದಲ್ಲ ಎಂದು ಅವಳಿಗೆ ತಟ್ಟಿತು. ದಿನವಿಡೀ ಅಳೆದೂ ಅಳೆದೂ ಬದುಕಿದವಳು; ಇದನ್ನೂ ಅಳೆದೇಬಿಡೋಣ ಎಂದುಕೊಂಡಳು.

“ಗಡಿಯಾರ ನೋಡ್ಕೊಳಿ. ಸರಿಯಾಗಿ ಮೂರೂ ನಲವತ್ತೊಂದಕ್ಕೆ ಚಪ್ಪಾಳೆ ತಟ್ತೀನಿ. ಯಾವಾಗ ಕೇಳ್ಸುತ್ತೆ, ಹೇಳಿ.”

“ಈಗ ಕೇಳ್ಸ್ತು,” ಎಂದ ಅವನು. “ಹದಿನೆಂಟು ಸೆಕೆಂಡ್ ಲೇಟು!”

ಚಿತ್ರ ಸರಿಯಾಗೇ ಹೋಗುತ್ತಿತ್ತು, ಮಾತು ಮಾತ್ರ ಎಲ್ಲೋ ಸುತ್ತಿ ಬರುತ್ತಿತ್ತು. ಫೋನಿನಲ್ಲಿ ಮಾತಾಡಿಕೊಂಡರಾಯಿತು ಎಂದು ಅವನು ತನ್ನ ನಂಬರನ್ನು ಬರೆದು ಕಳಿಸಿದ. ಪ್ರಯೋಗಾಲಯದ ವ್ಯವಸ್ಥೆ ಅಂಕಿಗಳನ್ನೆಲ್ಲ ಅಳಿಸಿ ನಕ್ಷತ್ರಗಳನ್ನಿಟ್ಟಿತು. ಕೊನೆಗೆ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿದ. ತಡವಾಗಿ ಬಂದ ಅಂಕಿಗಳನ್ನು ಅವಳು ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿಕೊಂಡು ಡಯಲ್ ಮಾಡಿದಳು. ತಡವಾದ ಮಾತು ಅಡ್ಡ ಬರದಿರಲೆಂದು ಇಬ್ಬರೂ ಪ್ರಯೋಗಾಲಯದ ಮೈಕು ಆರಿಸಿದರು.

ಫೋನಿನಲ್ಲಿ ಪಂಪಿನ ಸದ್ದಿನ ನಡುವೆ ಅವನು ಹತ್ತಿರದಲ್ಲೇ ಇದ್ದವನಂತೆ ಕೇಳಿಸಿದ.

“ಸೆನ್ಯೋರಾ, ನಿಜ ಹೇಳ್ಬೇಕಂದ್ರೆ ನಾನು ಈ ಬ್ಯೂರೆಟ್ಟು ಕಣ್ಣಲ್ಲೂ ಕಂಡಿಲ್ಲ.”

“ಮೊದ್ಲೇ ಹೇಳೋಕೇನಾಗಿತ್ತು? ಕೇಳು ಇಲ್ಲಿ. ಗುಲಾಬಿ ಬಂದು ಮಾಯವಾಗ್ತಿದೆ. ಇನ್ಮೇಲೆ ಒಂದೊಂದೇ ಹನಿ. ಒಂದು... ಇನ್ನೊಂದು... ಸಾಕು!”

ನಲ್ಲಿ ನಿಂತಿತು. ಬಣ್ಣವೂ ನಿಂತಿತು. ಉತ್ತರ ಕರಾರುವಾಕ್ಕು. ಇಬ್ಬರೂ ಒಟ್ಟಿಗೇ ಕಿರುಚಿಕೊಂಡರು.

ಸೋಮವಾರ ಅಂಕ ಬಂತು. ಫಲಿತಾಂಶಕ್ಕೆ ಆರಕ್ಕೆ ಆರು. ಸಂವಹನಕ್ಕೆ ಸೊನ್ನೆ. ಪಾಸಿಗೆ ಒಂದು ಕಡಿಮೆ. ಕೆಳಗೆ ಷರಾ: ‘ಯಶಸ್ವಿ ಪ್ರಯತ್ನದ ಅವಧಿಯಲ್ಲಿ ಇಬ್ಬರೂ ಮೌನವಾಗಿದ್ದರು.’

ರೊಸೌರಾ ಬೋಧಕಿ ಬೆತ್ಸಾಬೆ ಮೇಡಂಗೆ ಫೋನು ಮಾಡಿದಳು.

“ನಾವು ಗಂಟಲು ಹರಿಯೋ ಹಾಗೆ ಮಾತಾಡಿದ್ದೀವಿ ಮೇಡಂ!”

“ಫೋನಲ್ಲಿ ತಾನೇ? ಪ್ರಯೋಗಾಲಯದೊಳಗೆ ಅಲ್ವಲ್ಲ.”

“ಒಳಗೆ ಮಾತು ಕೇಳ್ಸೋದೇ ಹದಿನೆಂಟು ಸೆಕೆಂಡ್ ಆದ್ಮೇಲೆ!”

“ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ. ಆದ್ರೆ ವ್ಯವಸ್ಥೆಯಲ್ಲಿ ದಾಖಲಾಗಿರೋದನ್ನ ನಾನು ತಿದ್ದೋ ಹಾಗಿಲ್ಲ. ಒಂದು ಅರ್ಜಿ ಕೊಡಿ.”

ಅರ್ಜಿ ಬರೆಯಲು ಇಬ್ಬರೂ ಫೋನಿನಲ್ಲಿ ಎರಡು ಸಂಜೆ ಕಚ್ಚಾಡಿದರು. “ಅನ್ಯಾಯ” ಅಂತ ಹಾಕಿ ಎಂದು ಅವನು, “ತಾಂತ್ರಿಕ ಅಡಚಣೆ” ಸಾಕು ಎಂದು ಅವಳು. ಕೊನೆಗೆ ಎರಡನ್ನೂ ಹಾಕಿದರು. ಹನ್ನೆರಡನೆಯ ದಿನ ಎರಡೇ ಸಾಲಿನ ಉತ್ತರ ಬಂತು: ಮನವಿ ತಿರಸ್ಕೃತ, ಮುಂದಿನ ಅವಧಿಯಲ್ಲಿ ಮರುಪ್ರಯೋಗ, ಜೊತೆಗಾರರನ್ನು ವ್ಯವಸ್ಥೆಯೇ ಆಯ್ಕೆ ಮಾಡುತ್ತದೆ.

ಅವತ್ತು ಯಾಂದ್ರಿ ಫೋನು ಮಾಡಿದ. “ನಂಗೆ ಸಾಕಾಯ್ತು. ಬಿಟ್ಬಿಡ್ತೀನಿ. ಸೀಗಡಿಗಳಿಗೆ ನನ್ನ ಪದವಿ ಏನೂ ಬೇಕಾಗಿಲ್ಲ.”

“ಬಾಯ್ಮುಚ್ಚು,” ಎಂದಳು ರೊಸೌರಾ. “ನಂಗೂ ಆ ಕಂಪ್ಯೂಟರ್‌ನ ಹಾಲಿನ ತೊಟ್ಟಿಗೆ ಎಸೀಬೇಕು ಅನ್ನಿಸ್ತಿದೆ. ಎಸೆದ್ರೆ ಯಾರಿಗೆ ನಷ್ಟ? ನೋಂದಣಿ ಪುಟ ತೆಗಿ. ನಾನೂ ತೆಗೀತೀನಿ. ಹೆಸರು ಹಾಕು.”

ಫೋನು ಕಿವಿಗಿಟ್ಟುಕೊಂಡೇ ಇಬ್ಬರೂ ಮತ್ತೆ ಹೆಸರು ನೋಂದಾಯಿಸಿದರು. ವ್ಯವಸ್ಥೆ ಅವನಿಗೆ ಲೋಹಾ ಎಂಬ ಊರಿನ ಯಾರನ್ನೋ, ಅವಳಿಗೆ ಮಚಾಲಾ ಊರಿನ ಯಾರನ್ನೋ ಗಂಟುಹಾಕಿತು.

“ಇವರು ಹೆಂಗಿರ್ತಾರೋ,” ಎಂದ ಯಾಂದ್ರಿ.

“ಯಾರಿಗ್ಗೊತ್ತು?” ಎಂದು ನಿಟ್ಟುಸಿರಿಟ್ಟಳು ರೊಸೌರಾ. ಹೊರಗೆ ಸಂಜೆಯ ಹಾಲಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅವಳು ಎದ್ದು ಹೋಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅವನೊಂದಿಗೆ ಆ ವಿಶ್ವವಿದ್ಯಾಲಯವನ್ನು ಬೈಯುತ್ತಾ ಕೂತಳು.