ಗೆರೆ ಸುತ್ತಿದ ಮಾತು

ಅಜ್ಜಿಯ ಬೆರಳು ಹಳೆಯ ನೋಟ್‌ಬುಕ್ಕಿನ ಆ ಸಾಲಿನ ಮೇಲೆ ಬಂದು ನಿಂತುಬಿಟ್ಟಿತು. ಎದುರಿಗೆ ಪೆನ್ನು ಹಿಡಿದು ಕೂತಿದ್ದ ಮೊಮ್ಮಗಳು ತಲೆಯೆತ್ತಿದಳು.

"ಮುಂದೆ ಓದಜ್ಜಿ. ನಾಲ್ಕು ಗಂಟೆಗೆ ಕಾಲೇಜಲ್ಲಿರಬೇಕು ನಾನು."

"ಇದಕ್ಕೆ ಗೆರೆ ಸುತ್ತಿದ್ದಾರೆ ಕಣೇ."

ದೇಶಕ್ಕೆ ಸಂವಿಧಾನ ಬರೆದ ಸಭೆಯಲ್ಲಿ ಅಜ್ಜಿಯ ಯಜಮಾನರು ಶಾರ್ಟ್‌ಹ್ಯಾಂಡ್ ಬರೆಯುವವರಾಗಿದ್ದರು. ಅವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಟ್ರಂಕಿನಲ್ಲಿದ್ದ ಅವರ ನೋಟ್‌ಬುಕ್ಕುಗಳನ್ನು ಓದಬಲ್ಲವಳು ಈಗ ಅಜ್ಜಿಯೊಬ್ಬಳೇ. ಮದುವೆಯಾದ ಹೊಸದರಲ್ಲಿ ಕೈ ಪಳಗಲೆಂದು ಅವರು ಅವಳಿಂದ ಪತ್ರಿಕೆ ಓದಿಸಿ ಬರೆದುಕೊಳ್ಳುತ್ತಿದ್ದರು. ತಪ್ಪು ಹುಡುಕಿ ಹುಡುಕಿ ಅವಳಿಗೂ ಆ ಕೊಕ್ಕೆ ಗೀರುಗಳು ಒಲಿದಿದ್ದವು.

ಸಭೆಯ ಅಧ್ಯಕ್ಷರು 'ಇದನ್ನು ದಾಖಲಿಸಬೇಡಿ' ಎನ್ನುವಷ್ಟರಲ್ಲಿ ಬರೆಯುವವರ ಕೈ ಬರೆದು ಮುಗಿಸಿರುತ್ತಿತ್ತು. ಅಂಥ ಮಾತಿನ ಸುತ್ತ ಗೆರೆ ಎಳೆದು, ಅಚ್ಚಿಗೆ ಕೊಡದೆ ಬಿಟ್ಟುಬಿಡುವುದು ಪದ್ಧತಿ. ಅದನ್ನು ಎಲ್ಲಿಯೂ ಬಾಯಿಬಿಡುವುದಿಲ್ಲವೆಂದು ದೇವರ ಮೇಲೆ ಪ್ರಮಾಣ ಮಾಡಿಯೇ ಯಜಮಾನರು ಕೆಲಸಕ್ಕೆ ಸೇರಿದ್ದರು. ಹೆಂಡತಿಗೂ ಹೇಳಿದವರಲ್ಲ.

"ಅಚ್ಚಾದ ಪುಸ್ತಕದಲ್ಲಿ ಇಲ್ಲದ್ದೇ ನನಗೆ ಬೇಕಾಗಿರೋದು," ಎಂದಳು ಮೊಮ್ಮಗಳು. ಸಂಜೆಯ ಚರ್ಚಾಸ್ಪರ್ಧೆಯಲ್ಲಿ, ಸಂವಿಧಾನ ಬರೆದವರು ಜನಕ್ಕಾಗಿ ಅಲ್ಲ, ತಮಗಾಗಿ ಬರೆದುಕೊಂಡರು ಎಂದು ವಾದಿಸುವುದು ಅವಳ ಪಾಲಿಗೆ ಬಂದಿತ್ತು. ಪಾಲಿಗೆ ಬಂತೆನ್ನುವುದೇಕೆ, ಅವಳು ನಂಬಿದ್ದೂ ಅದನ್ನೇ. "ಜಮೀನಿದ್ದೋರು, ಬಂಗಲೆ ಇದ್ದೋರು. ಅವರಿಗೆ ನಮ್ಮ ಚಿಂತೆ ಯಾಕಿರತ್ತೆ?"

"ನಿನ್ನಜ್ಜ ಅವರನ್ನ ದೇವರಂಥೋರು ಅಂತಿದ್ರು."

"ಅಜ್ಜನಿಗೆ ಒಂದು ಲೋಟ ಚಹಾ ಕೊಟ್ಟೋರೆಲ್ಲ ದೇವರಂಥೋರೇ."

ಅಜ್ಜಿಗೆ ನಗು ಬಂತು, ಇಪ್ಪತ್ತು ದಿನದಲ್ಲಿ ಮೊದಲ ಸಲ. ಕನ್ನಡಕ ಸರಿಮಾಡಿಕೊಂಡು ಗೆರೆಯೊಳಗಿನದನ್ನು ಮನಸ್ಸಿನಲ್ಲೇ ಓದಿದಳು. ಆಸ್ತಿಯೂ ಸೇರಿ ಯಾವ ಹಕ್ಕಿನಲ್ಲೂ ಹೆಣ್ಣು ಗಂಡೆಂಬ ಭೇದ ಸಲ್ಲದು ಎಂಬ ಕಲಮಿಗಾಗಿ ಮೂರು ದಿನ ಹೋರಾಡಿದ ಹಿರಿಯ ವಕೀಲರ ಮಾತು ಅದು. ಅವರ ಹೆಸರೆತ್ತಿದರೆ ಯಜಮಾನರು ಕೂತಲ್ಲೇ ಕೈಮುಗಿಯುತ್ತಿದ್ದರು.

'ನನಗಿರುವುದು ಮೂರೂ ಹೆಣ್ಣೇ. ಈ ಕಲಮು ಬಾರದಿದ್ದರೆ ನಾಳೆ ನನ್ನ ಮನೆ ಅಣ್ಣನ ಮಕ್ಕಳ ಪಾಲು. ಊರ ಹೆಣ್ಣುಮಕ್ಕಳ ಮಾತು ನೀವು ನೋಡಿಕೊಳ್ಳಿ. ನನ್ನವರು ಬೀದಿಗೆ ಬೀಳುವುದನ್ನು ನಾನು ನೋಡಲಾರೆ.'

ಹಾಗಾದರೆ ಯಜಮಾನರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕೈಮುಗಿಯುತ್ತಿದ್ದರು.

"ಏನಿದೆ ಅಜ್ಜಿ?"

"ಓದಲ್ಲ."

"ಬರಲ್ವೋ, ಓದಲ್ವೋ?"

"ಬರತ್ತೆ. ಓದಲ್ಲ. ಅವರು ದೇವರಿಗೆ ಕೊಟ್ಟ ಮಾತು. ಅವರಿಲ್ಲ ಅಂತ ನಾನು ಮುರೀಲಾ?"

"ಹಾಗಾದ್ರೆ ನಾನು ಗೆದ್ದೆ. ಒಳ್ಳೇದಿದ್ದಿದ್ರೆ ನೀನು ಓದೇ ಓದ್ತಿದ್ದೆ."

ಅಜ್ಜಿ ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಪುಟದ ಮೇಲಿನ ತಾರೀಖನ್ನು ಬೆರಳಿನಿಂದ ಸವರಿದಳು.

"ಈ ದಿನ ನನಗೆ ನೆನಪಿದೆ. ಕಲಮು ಪಾಸಾಗಿತ್ತು. ನಿಮ್ಮಮ್ಮ ಆಗ ಎರಡು ತಿಂಗಳ ಕೂಸು. ಸಂಜೆ ಬಂದೋರು ಷೂ ಸಹ ಬಿಚ್ಚದೆ ತೊಟ್ಟಿಲ ಪಕ್ಕ ಕೂತುಬಿಟ್ರು. ಊಟಕ್ಕೆ ಕರೆದರೂ ಏಳಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ." ಅಜ್ಜಿ ಮೊಮ್ಮಗಳ ಪೆನ್ನಿನತ್ತ ಕೈ ತೋರಿದಳು. "ಬೇಕಾದ್ರೆ ಇದನ್ನ ಬರಕೋ. ಇದಕ್ಕೆ ಯಾರೂ ಗೆರೆ ಸುತ್ತಿಲ್ಲ."

ಮೊಮ್ಮಗಳು ಬರೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಅವಳ ಅಮ್ಮ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಬಾಗಿಲಿನಿಂದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಮೊಮ್ಮಗಳು ಅದನ್ನೇ ನೋಡುತ್ತ ಕೂತಳು. ಆಮೇಲೆ ತನ್ನ ಹಾಳೆಯಲ್ಲಿ ನಾಲ್ಕು ಸಾಲಿನಷ್ಟು ಜಾಗ ಬಿಟ್ಟು, ಆ ಖಾಲಿಯ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದಳು.

"ಮುಂದೆ ಓದಜ್ಜಿ," ಎಂದಳು.